ಸಹಾಯ ಬೇಕು: 1.024ರಲ್ಲೇ ನಿಂತುಬಿಟ್ಟ ಪೇಲ್ ಏಲ್ ಬಿಯರ್

ಅಮೆರಿಕದಲ್ಲಿ ನಾಲ್ವರು ಗೆಳೆಯರು ಸೇರಿ ಹಾಕಿದ 19 ಲೀಟರ್ ಬ್ಯಾಚ್. 4.5 ಕೆಜಿ ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), 300 ಗ್ರಾಂ ಕ್ರಿಸ್ಟಲ್ ಮಾಲ್ಟ್, ಯುಎಸ್-05 ಯೀಸ್ಟ್ 11.5 ಗ್ರಾಂ, 18 ಡಿಗ್ರಿ.

ಶುರುವಿನ ಗ್ರ್ಯಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಯೀಸ್ಟ್ ಸಕ್ಕರೆ ತಿಂದಂತೆ ಇಳಿಯುತ್ತೆ) 1.052, ಹತ್ತು ದಿನವಾದರೂ 1.024ರಿಂದ ಕದಲುತ್ತಿಲ್ಲ. ಅಳೆದದ್ದು ಹೈಡ್ರೋಮೀಟರಿನಲ್ಲೇ (ಆಲ್ಕೋಹಾಲ್ ಇದ್ದಾಗ ರಿಫ್ರಾಕ್ಟೋಮೀಟರ್ ಹೆಚ್ಚು ತೋರಿಸುತ್ತೆ, ಇದು ಆ ತಪ್ಪಲ್ಲ). ಅನುಮಾನ ಮ್ಯಾಶ್ (ಮಾಲ್ಟನ್ನು ಬಿಸಿನೀರಲ್ಲಿ ನೆನೆಸಿ ಸಕ್ಕರೆ ಬಿಡಿಸೋ ಹಂತ) ಮೇಲೆ. ಥರ್ಮಾಮೀಟರ್ 3 ಡಿಗ್ರಿ ಕಡಿಮೆ ತೋರಿಸ್ತಿತ್ತು. 67 ಅಂದುಕೊಂಡದ್ದು ನಿಜಕ್ಕೂ 70. ಆ ಬಿಸಿಗೆ ಯೀಸ್ಟ್ ತಿನ್ನಲಾಗದ ಸಕ್ಕರೆ ಜಾಸ್ತಿ ಉಳಿಯುತ್ತೆ, ಸರಿ. ಆದರೂ 1.024 ವಿಪರೀತ ಅಲ್ವಾ?

21 ಡಿಗ್ರಿಗೆ ಏರಿಸಿ, ತಳದ ಯೀಸ್ಟ್ ಅಲುಗಿಸಿ ಮೂರು ದಿನ ಆಯ್ತು. ಅರ್ಧ ಲೀಟರ್ ಬೇರೆ ತೆಗೆದು, ಹೊಸ ಯೀಸ್ಟ್ ಸುರಿದು 25 ಡಿಗ್ರಿಯಲ್ಲಿಟ್ಟು ಇನ್ನೂ ಇಳಿಯುತ್ತಾ ನೋಡೋದಾ, ನೇರ ಅಮೈಲೇಸ್ (ಯೀಸ್ಟ್ ತಿನ್ನಲಾಗದ್ದನ್ನು ತಿನ್ನುವಂತೆ ಒಡೆಯೋ ಕಿಣ್ವ) ಹಾಕೋದಾ? ಹೀಗೇ ಗ್ಯಾಸ್ ಬರಲೆಂದು ಲೀಟರಿಗೆ 6 ಗ್ರಾಂ ಸಕ್ಕರೆ ಸೇರಿಸಿ ತುಂಬಿದರೆ ಬಾಟಲಿ ಸಿಡಿಯುವ ಭಯ.