ಗೋಡೆ ಎತ್ತರವಿದ್ದರೂ ಕೈದಿಗಳು ತಪ್ಪಿಸಿಕೊಳ್ಳುವುದು ಹೇಗೆ?

ಪ್ರಶ್ನೆ: 2013ರಲ್ಲಿ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಿಂದ ಜೈಶಂಕರ್ ಎಂಬ ಕೈದಿ ಸುಮಾರು 30 ಅಡಿಯ ಗೋಡೆ ಹಾರಿ ಪರಾರಿಯಾದ. ಇಷ್ಟು ಬಿಗಿಯಾದ ಜೈಲಿನಲ್ಲಿ ಇದು ಸಾಧ್ಯವಾದದ್ದು ಹೇಗೆ?

ಉತ್ತರ 1: ಗೋಡೆ ಕೊನೆಯ ತಡೆ ಮಾತ್ರ. ಆತ ನಕಲಿ ಕೀಲಿಯಿಂದ ಕೋಣೆಯ ಬಾಗಿಲು ತೆರೆದಿದ್ದನೆಂದು ಆಗ ವರದಿಯಾಗಿತ್ತು. ಆದ್ದರಿಂದ ಲೋಪ ಗೋಡೆಗಿಂತ ಬಹಳ ಮೊದಲೇ, ಬೀಗದ ನಿರ್ವಹಣೆ ಮತ್ತು ಕೋಣೆಗಳ ತಪಾಸಣೆಯಲ್ಲೇ ಆರಂಭವಾಗಿತ್ತು. ಹಾರುವಾಗ ಗಾಯಗೊಂಡಿದ್ದ ಆತ ಕೆಲವೇ ದಿನಗಳಲ್ಲಿ ಬೆಂಗಳೂರಿನಲ್ಲೇ ಸಿಕ್ಕಿಬಿದ್ದ.

ಉತ್ತರ 2: ಇದೇ ವ್ಯಕ್ತಿ 2011ರಲ್ಲಿ ತಮಿಳುನಾಡಿನಲ್ಲಿ, ನ್ಯಾಯಾಲಯಕ್ಕೆ ಹೋಗಿ ಬರುವಾಗ ಬೆಂಗಾವಲು ಪೊಲೀಸರಿಂದ ತಪ್ಪಿಸಿಕೊಂಡಿದ್ದ ಎಂಬುದನ್ನು ಮರೆಯಬಾರದು. ಅಂತಹ ಪೂರ್ವೇತಿಹಾಸವುಳ್ಳವರನ್ನು ಪ್ರತ್ಯೇಕವಾಗಿ ಗುರುತಿಸಿ ಕಾಯದಿದ್ದರೆ ಕ್ಯಾಮೆರಾಗಳಿಂದ ಪ್ರಯೋಜನವಿಲ್ಲ.

ಉತ್ತರ 3: ಒಪ್ಪುತ್ತೇನೆ. 1986ರಲ್ಲಿ ತಿಹಾರ್ ಜೈಲಿನ ಕಾವಲುಗಾರರಿಗೆ ಮತ್ತು ಬರಿಸುವ ಸಿಹಿ ತಿನ್ನಿಸಿ ಸರಣಿ ಹಂತಕ ಚಾರ್ಲ್ಸ್ ಶೋಭರಾಜ್ ಹೊರನಡೆದ. 2016ರಲ್ಲಿ ಪಂಜಾಬಿನ ನಾಭಾ ಜೈಲಿಗೆ ಪೊಲೀಸ್ ಸಮವಸ್ತ್ರ ಧರಿಸಿದ ಬಂದೂಕುಧಾರಿಗಳೇ ನುಗ್ಗಿ ಕೈದಿಗಳನ್ನು ಬಿಡಿಸಿಕೊಂಡು ಹೋದರು. ಎರಡರಲ್ಲೂ ಮಣಿದದ್ದು ಕಲ್ಲಿನ ಗೋಡೆಯಲ್ಲ, ಕಾವಲಿನ ಮನುಷ್ಯರ ನಂಬಿಕೆ. ಸಿಬ್ಬಂದಿಯ ಕೊರತೆ ಮತ್ತು ಅತಿ ದಟ್ಟಣೆ ಇರುವಲ್ಲಿ ಒಬ್ಬ ಕಾವಲುಗಾರ ಎಷ್ಟು ಜನರನ್ನು ಗಮನಿಸಬಲ್ಲ ಎಂಬುದನ್ನೂ ಕೇಳಬೇಕು.