ಜೈಲಿನ ಸಂದರ್ಶನ, ಜಾಮೀನು, ಒಳಗಿನ ದಿನಚರಿ: ನಿವೃತ್ತ ಕಲ್ಯಾಣಾಧಿಕಾರಿಯವರೊಂದಿಗೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ರಾಜ್ಯದ ಕೇಂದ್ರ ಕಾರಾಗೃಹಗಳಲ್ಲಿ ಕಲ್ಯಾಣಾಧಿಕಾರಿಯಾಗಿದ್ದು ನಿವೃತ್ತರಾದ ಮೇಡಂ ಅವರು ಈ ವಾರ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ಬಂದಿಯ ಹೆಸರನ್ನಾಗಲಿ ಪ್ರಕರಣದ ಸಂಖ್ಯೆಯನ್ನಾಗಲಿ ಇಲ್ಲಿ ಬರೆಯಬೇಡಿ.

ತುಮಕೂರಿನ ಸದಸ್ಯರು: ನಮಸ್ಕಾರ ಮೇಡಂ. ನಮ್ಮ ಭಾವನವರನ್ನು ನೋಡಲು ಮೊದಲ ಬಾರಿ ಜೈಲಿಗೆ ಹೋಗಬೇಕಾಗಿದೆ. ಏನೇನು ತೆಗೆದುಕೊಂಡು ಹೋಗಬೇಕು? ಮನೆಯ ಊಟ ಕೊಡಬಹುದೇ?

ಮೇಡಂ: ನಿಮ್ಮ ಆಧಾರ್ ಕಾರ್ಡಿನ ಮೂಲಪ್ರತಿ ಮತ್ತು ನಕಲು ಇರಲಿ. ಭಾವನವರ ಬಂದಿ ಸಂಖ್ಯೆ ಗೊತ್ತಿರಲಿ. ವಿಚಾರಣಾಧೀನರಾಗಿದ್ದರೆ, ಅಂದರೆ ತೀರ್ಪು ಇನ್ನೂ ಬಂದಿರದಿದ್ದರೆ, ಅದನ್ನು ಯುಟಿಪಿ (ಅಂಡರ್‌ಟ್ರಯಲ್ ಪ್ರಿಸನರ್) ಸಂಖ್ಯೆ ಎನ್ನುತ್ತಾರೆ. ವಾರದಲ್ಲಿ ಎಷ್ಟು ಸಂದರ್ಶನ, ಯಾವ ಹೊತ್ತಿನಲ್ಲಿ ಎಂಬುದು ಆಯಾ ಜೈಲಿನ ಗೇಟಿನ ಫಲಕದಲ್ಲಿರುತ್ತದೆ. ದೂರದ ಊರಿನವರು ಇ-ಮುಲಾಖಾತ್ ಜಾಲತಾಣದಲ್ಲಿ ಮೊದಲೇ ನೋಂದಾಯಿಸಿಕೊಳ್ಳುವುದು ಒಳ್ಳೆಯದು. ನ್ಯಾಯಾಲಯದ ಅನುಮತಿ ಇಲ್ಲದೆ ಮನೆಯ ಊಟ ಒಳಗೆ ಹೋಗುವುದಿಲ್ಲ. ಹಣವನ್ನು ಕೈಗೆ ಕೊಡುವಂತಿಲ್ಲ. ಅವರ ಪಿಪಿಸಿ ಖಾತೆಗೆ, ಅಂದರೆ ಜೈಲಿನಲ್ಲಿ ಬಂದಿಯ ಹೆಸರಿನಲ್ಲಿರುವ ಸ್ವಂತ ಹಣದ ಖಾತೆಗೆ, ಜಮಾ ಮಾಡಿದರೆ ಒಳಗಿನ ಕ್ಯಾಂಟೀನಿನಲ್ಲಿ ಸೋಪು, ಬಿಸ್ಕತ್ತು ಕೊಳ್ಳಲು ಆಗುತ್ತದೆ.

ಹಾಸನದ ಸದಸ್ಯರು: ಜೈಲಿನಲ್ಲಿ ಹಗಲೊಂದು ದಿನ, ರಾತ್ರಿಯೊಂದು ದಿನ ಎಂದು ಲೆಕ್ಕ ಹಾಕುತ್ತಾರೆ, ಆದ್ದರಿಂದ ಜೀವಾವಧಿ ಶಿಕ್ಷೆ 7 ವರ್ಷಕ್ಕೇ ಮುಗಿಯುತ್ತದೆ ಎಂಬ ಸಂದೇಶ ನಮ್ಮ ಗುಂಪುಗಳಲ್ಲಿ ಓಡಾಡುತ್ತಿದೆ. ನಿಜವೇ?

ಮೇಡಂ: ಸುಳ್ಳು. ಒಂದು ದಿನ ಎಂದರೆ 24 ಗಂಟೆ. ಜೀವಾವಧಿ ಎಂದರೆ ಜೀವವಿರುವವರೆಗೆ ಎಂದು ಸುಪ್ರೀಂ ಕೋರ್ಟು 1961ರಲ್ಲೇ ಗೋಪಾಲ ಗೋಡ್ಸೆ ಪ್ರಕರಣದಲ್ಲಿ ಹೇಳಿದೆ. ಮರಣದಂಡನೆಯನ್ನೂ ವಿಧಿಸಬಹುದಾಗಿದ್ದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾಗಿದ್ದರೆ, 14 ವರ್ಷ ಜೈಲಿನಲ್ಲಿ ಕಳೆಯುವ ಮೊದಲು ಸರ್ಕಾರ ಅವಧಿಪೂರ್ವ ಬಿಡುಗಡೆ ಮಾಡುವಂತಿಲ್ಲ. ಅದರ ನಂತರವೂ ಬಿಡುಗಡೆ ತಾನಾಗಿ ಆಗುವುದಿಲ್ಲ, ಸಮಿತಿ ಪರಿಶೀಲಿಸಿದ ಮೇಲೆ ಸರ್ಕಾರ ತೀರ್ಮಾನಿಸುತ್ತದೆ.

ಹುಣಸೂರಿನ ಸದಸ್ಯೆ: ಮೇಡಂ, ನನ್ನ ತಮ್ಮನಿಗೆ 22 ವರ್ಷ. ಬೈಕ್ ಕಳವಿನ ಆರೋಪದಲ್ಲಿ ನಾಲ್ಕು ತಿಂಗಳಿಂದ ಒಳಗಿದ್ದಾನೆ. ಜಾಮೀನು ಆದೇಶವಾಗಿ ಮೂರು ವಾರ ಕಳೆದರೂ ಪಹಣಿ ಇರುವ ಜಾಮೀನುದಾರರು ನಮಗೆ ಸಿಗುತ್ತಿಲ್ಲ. ಮೊದಲು ಪ್ರತಿ ಸಂದರ್ಶನಕ್ಕೂ ಓಡಿ ಬರುತ್ತಿದ್ದವನು ಕಳೆದ ಎರಡು ಸಲ ಬರಲೇ ಇಲ್ಲ. ‘ಅಕ್ಕನಿಗೆ ಇನ್ನು ಬರಬೇಡ ಎಂದು ಹೇಳಿ’ ಎಂದು ಪಕ್ಕದ ಬ್ಯಾರಕ್ಕಿನ ಹುಡುಗನ ಮೂಲಕ ಹೇಳಿ ಕಳುಹಿಸಿದ್ದಾನೆ. ನಾವು ಕೊಟ್ಟ ಹೊದಿಕೆಯನ್ನೂ ಒಳ್ಳೆಯ ಅಂಗಿಯನ್ನೂ ಬೇರೆಯವರಿಗೆ ಕೊಟ್ಟುಬಿಟ್ಟಿದ್ದಾನಂತೆ. ಅಮ್ಮ ಅವನಿಗೆ ನಮ್ಮ ಮೇಲೆ ಸಿಟ್ಟು ಎನ್ನುತ್ತಾಳೆ.

ಮಂಡ್ಯದ ಸದಸ್ಯರು: ಅಕ್ಕ, ಇದು ಮನಸ್ಸಿನ ದೌರ್ಬಲ್ಯ ಅಷ್ಟೆ. ಜಟಾಮಾಂಸಿ ಮತ್ತು ಬಜೆಯ ಪುಡಿಯನ್ನು ಜೇನಿನಲ್ಲಿ ಕಲಸಿ ಮೂರು ದಿನ ಕೊಟ್ಟರೆ ಸರಿಹೋಗುತ್ತದೆ. ನನಗೆ ಬಂದ ಸಂದೇಶವನ್ನು ಹಾಗೆಯೇ ಹಾಕಿದ್ದೇನೆ. ಕೋರ್ಟಿಗೆ ಕರೆತಂದಾಗ ಕೊಡಬಹುದು.

ಮೇಡಂ: ಮಂಡ್ಯದವರೇ, ದಯವಿಟ್ಟು ಅದನ್ನು ಅಳಿಸಿ. ಕೋರ್ಟಿನ ಆವರಣದಲ್ಲಿ ಬಂದಿಯ ಕೈಗೆ ಪುಡಿಯ ಪೊಟ್ಟಣ ಕೊಟ್ಟರೆ ತಪಾಸಣೆಯಲ್ಲಿ ಸಿಕ್ಕುತ್ತದೆ; ಅದು ಏನೆಂದು ಪರೀಕ್ಷೆಯಾಗುವವರೆಗೆ ಆ ಹುಡುಗನೂ ಅವನ ಅಕ್ಕನೂ ಉತ್ತರ ಹೇಳಬೇಕಾಗುತ್ತದೆ.

ಹುಣಸೂರಿನ ತಂಗಿ, ಉಳಿದವರ ಪ್ರಶ್ನೆಗಳನ್ನು ಬದಿಗಿಟ್ಟು ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ತಮ್ಮನಿಗೆ ಸಿಟ್ಟು ಬಂದಿದೆ ಎಂದು ನನಗೆ ಅನ್ನಿಸುವುದಿಲ್ಲ. ಸಿಟ್ಟು ಬಂದವನು ಸಂದರ್ಶನದ ಕಿಟಕಿಗೆ ಬಂದು ಜಗಳವಾಡುತ್ತಾನೆ. ಜಾಮೀನು ಸಿಕ್ಕಿಯೂ ಹೊರಗೆ ಹೋಗಲಾಗದವನು, ಮನೆಯವರನ್ನು ಬರಬೇಡಿ ಎನ್ನುವವನು, ತನ್ನ ವಸ್ತುಗಳನ್ನು ಹಂಚಿಬಿಡುವವನು, ಈ ಮೂರೂ ಒಬ್ಬನಲ್ಲೇ ಕೂಡಿದರೆ ಅವನು ಪ್ರಾಣ ಕಳೆದುಕೊಳ್ಳುವ ಯೋಚನೆಯಲ್ಲಿರಬಹುದು ಎಂದು ಭಾವಿಸಿಯೇ ನಾವು ಕೆಲಸ ಮಾಡುತ್ತಿದ್ದೆವು. ಹೆದರಿಸಲು ಹೇಳುತ್ತಿಲ್ಲ, ಮುಂದಿನ ಸಂದರ್ಶನದ ದಿನದವರೆಗೆ ಕಾಯಬೇಡಿ ಎಂದು ಹೇಳುತ್ತಿದ್ದೇನೆ.

ಇಂದೇ ಜೈಲಿನ ಕಚೇರಿಗೆ ಫೋನ್ ಮಾಡಿ, ಅಧೀಕ್ಷಕರು ಅಥವಾ ಕರ್ತವ್ಯದಲ್ಲಿರುವ ಜೈಲರ್ ಬಳಿ ಇಲ್ಲಿ ಬರೆದಿರುವುದನ್ನೇ ಇದೇ ಕ್ರಮದಲ್ಲಿ ಹೇಳಿ. ನಾಳೆ ಬೆಳಿಗ್ಗೆ ಅದನ್ನೇ ಒಂದು ಪುಟದ ಅರ್ಜಿಯಾಗಿ ಬರೆದು, ಕಾರಾಗೃಹದ ವೈದ್ಯಾಧಿಕಾರಿಯವರಿಂದ ತಕ್ಷಣ ತಪಾಸಣೆಯಾಗಬೇಕು, ಅವನನ್ನು ಒಂಟಿಯಾಗಿ ಇಡಬಾರದು ಎಂದು ಕೇಳಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತು ಪಾಳಿ ಬದಲಾದಾಗ ಮರೆತುಹೋಗುತ್ತದೆ, ಮೊಹರು ಬಿದ್ದ ಕಾಗದ ಮೇಜಿನ ಮೇಲೆ ಉಳಿಯುತ್ತದೆ. ಒಳಗೆ ಚಿಕಿತ್ಸೆ ಸಾಧ್ಯವಿಲ್ಲದಿದ್ದರೆ ಮಾನಸಿಕ ಆರೋಗ್ಯ ಸಂಸ್ಥೆಗೆ ಕಳುಹಿಸಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಕಲಂ ಅವಕಾಶ ಕೊಡುತ್ತದೆ.

ಇನ್ನು ಜಾಮೀನಿನ ವಿಷಯ. ಇಂಥವರಿಗಾಗಿಯೇ ಸುಪ್ರೀಂ ಕೋರ್ಟು 2023ರ ಜನವರಿ 31ರಂದು ನಿರ್ದೇಶನಗಳನ್ನು ಕೊಟ್ಟಿದೆ. ಜಾಮೀನಾಗಿ 7 ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಕಾರ್ಯದರ್ಶಿಯವರು ಬಂದಿಯ ಆರ್ಥಿಕ ಸ್ಥಿತಿಯ ವರದಿ ಮಾಡಿಸಿ, ಷರತ್ತು ಸಡಿಲಿಸುವಂತೆ ನ್ಯಾಯಾಲಯವನ್ನು ಕೋರಬಹುದು. ಹೊರಗೆ ಬಂದ ಮೇಲೆ ಜಾಮೀನುದಾರರನ್ನು ಒದಗಿಸುತ್ತೇನೆ ಎಂದು ಬಂದಿ ಕೇಳಿಕೊಂಡರೆ ನಿಗದಿತ ಅವಧಿಗೆ ತಾತ್ಕಾಲಿಕ ಜಾಮೀನು ಕೊಡಲೂ ಅವಕಾಶವಿದೆ. ಒಂದು ತಿಂಗಳಾದರೂ ಜಾಮೀನಿನ ಮುಚ್ಚಳಿಕೆ (ಬಾಂಡು) ಸಲ್ಲಿಕೆಯಾಗದಿದ್ದರೆ ನ್ಯಾಯಾಲಯವೇ ಪ್ರಕರಣವನ್ನು ಕೈಗೆತ್ತಿಕೊಂಡು ಷರತ್ತನ್ನು ಮರುಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರರೇ ಬೇಕು ಎಂಬ ಹಟದಿಂದ ಬಿಡುಗಡೆ ತಡವಾಗುತ್ತದೆ ಎಂಬುದನ್ನೂ ಅದೇ ಆದೇಶ ಗುರುತಿಸಿದೆ. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. 15100ಕ್ಕೆ ಕರೆ ಮಾಡಿ, ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೂ ಹೋಗಿ. ಹಣ ಕಟ್ಟಬೇಕಾಗಿ ಬಂದರೆ ಬಡ ಬಂದಿಗಳಿಗಾಗಿ 2023ರಲ್ಲಿ ಕೇಂದ್ರ ಸರ್ಕಾರ ತಂದ ಯೋಜನೆಯಲ್ಲಿ ವಿಚಾರಣಾಧೀನರಿಗೆ ನೆರವು ಸಿಗುತ್ತದೆ.

ಸಂದರ್ಶನಕ್ಕೆ ಹೋಗುವುದನ್ನು ಬಿಡಬೇಡಿ. ಅವನು ಬಾರದಿದ್ದರೂ ಚೀಟಿಯಲ್ಲಿ ನಿಮ್ಮ ಹೆಸರು ಬರೆಸಿ. ಅಕ್ಕ ಬಂದಿದ್ದಳು ಎಂಬುದು ಅವನಿಗೆ ತಲುಪಲಿ. ಬಂದರೆ ಕೇಸಿನ ಮಾತು ಕೊನೆಗಿರಲಿ. ‘ಸಾಯಬೇಕು ಅನ್ನಿಸುತ್ತಿದೆಯೇನೋ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ನಿಮಗೂ ಅಮ್ಮನಿಗೂ ತಡೆಯಲಾಗದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಕಲಬುರಗಿಯ ಸದಸ್ಯರು: ಮೇಡಂ, ನನ್ನ ಅಣ್ಣನನ್ನು ಮೈಸೂರಿನಿಂದ ಕಲಬುರಗಿ ಜೈಲಿಗೆ ವರ್ಗಾಯಿಸಿಕೊಳ್ಳಲು ಯಾರಿಗೆ ಅರ್ಜಿ ಕೊಡಬೇಕು?

ದಾವಣಗೆರೆಯ ಸದಸ್ಯರು: ನನ್ನದು ಪ್ರಶ್ನೆಯಲ್ಲ, ಅಭಿಪ್ರಾಯ. ಕಳ್ಳರಿಗೆ ಮುದ್ದೆ, ಚಪಾತಿ, ಮಜ್ಜಿಗೆ, ಮೇಲೆ ಬೇಕರಿ ತರಬೇತಿ, ನಾಟಕ! ತೆರಿಗೆ ಕಟ್ಟುವ ನಮ್ಮ ಮಕ್ಕಳಿಗೆ ಈ ಸೌಲಭ್ಯ ಎಲ್ಲಿದೆ?

ಧಾರವಾಡದ ಸದಸ್ಯರು: ಸ್ವಾಮಿ, ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ಇನ್ನೂ ವಿಚಾರಣಾಧೀನರು ಎಂದು 2022ರ ಸರ್ಕಾರಿ ಅಂಕಿಅಂಶಗಳೇ ಹೇಳುತ್ತವೆ. ತೀರ್ಪು ಬರುವ ಮೊದಲೇ ಅವರನ್ನು ಕಳ್ಳರೆನ್ನಲು ನೀವು ಯಾರು? ರಂಗನಿರ್ದೇಶಕ ಹುಲುಗಪ್ಪ ಕಟ್ಟೀಮನಿಯವರ ಸಂಕಲ್ಪ ತಂಡದಲ್ಲಿ ಕೈದಿಗಳು ಅಭಿನಯಿಸಿದ ನಾಟಕವನ್ನು ನಾನು ನೋಡಿದ್ದೇನೆ. ಕಂಬಿಯ ಹಿಂದಿನವರು ಹೊರಗಿನ ರಂಗಮಂದಿರದಲ್ಲಿ ನಿಂತು ಮಾತು ತಪ್ಪದೆ ಆಡುವುದನ್ನು ನೋಡಿದವರು ಹೀಗೆ ಬರೆಯಲಾರರು.

ದಾವಣಗೆರೆಯ ಸದಸ್ಯರು: ನಿಮ್ಮ ಮನೆಯಲ್ಲಿ ಕಳವಾದಾಗ ಆ ನಾಟಕ ಹಾಕಿಸಿಕೊಂಡು ನೋಡಿ.

ಧಾರವಾಡದ ಸದಸ್ಯರು: ನಮ್ಮ ಮನೆಯಲ್ಲಿಯೂ ಕಳವಾಗಿದೆ. ಆ ಹುಡುಗ ಶಿಕ್ಷೆ ಮುಗಿಸಿ ಬಂದು ಮತ್ತೆ ಅದೇ ಕೆಲಸಕ್ಕಿಳಿದ. ಒಳಗೆ ಒಂದು ಕಸುಬು ಕಲಿತಿದ್ದರೆ ನಮಗೂ ಅವನಿಗೂ ಒಳ್ಳೆಯದಾಗುತ್ತಿತ್ತು ಎಂಬುದೇ ನನ್ನ ಮಾತು.

ನಿರ್ವಾಹಕರು: ಇಬ್ಬರೂ ವಿಷಯಕ್ಕೆ ಬನ್ನಿ.

ಮೇಡಂ: ದಾವಣಗೆರೆಯವರು ಹೇಳಿದ ಸೌಲಭ್ಯಗಳ ನಿಜಸ್ಥಿತಿ ತಿಳಿಯಲಿ. ಬೆಳಿಗ್ಗೆ ಎಣಿಕೆ ಮುಗಿದ ಮೇಲೆ ಬ್ಯಾರಕ್ಕು ತೆರೆಯುತ್ತದೆ, ಸಂಜೆ ಕತ್ತಲಾಗುವ ಮೊದಲೇ ಮತ್ತೆ ಎಣಿಕೆಯಾಗಿ ಬೀಗ ಬೀಳುತ್ತದೆ. ಕಠಿಣ ಶಿಕ್ಷೆಯವರಿಗೆ ಹೊಲಿಗೆ, ನೇಯ್ಗೆ, ಬಡಗಿ ಕೆಲಸ, ಬೇಕರಿ, ತೋಟ ಇರುತ್ತವೆ, ಕೂಲಿಯೂ ಇದೆ. ಇದು ಧರ್ಮಕ್ಕೆ ಕೊಡುವುದಲ್ಲ, ಕೈದಿಯ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕೆಂದು 1998ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇಗ್ನೋ ವಿಶ್ವವಿದ್ಯಾಲಯ ಬಂದಿಗಳಿಗೆ ಉಚಿತವಾಗಿ ಓದಿಸುತ್ತದೆ. ದೇವನಹಳ್ಳಿ ಬಳಿಯ ಕೋರಮಂಗಲದ ಬಯಲು ಬಂದೀಖಾನೆಯಲ್ಲಿ ಸನ್ನಡತೆಯ ಸಜಾ ಬಂದಿಗಳು ಬೇಸಾಯ ಮಾಡುತ್ತಾರೆ. ಆದರೆ ಇವುಗಳಲ್ಲಿ ಬಹುಪಾಲು ಸಜಾ ಬಂದಿಗಳಿಗೆ. ವಿಚಾರಣಾಧೀನನನ್ನು ಕೆಲಸಕ್ಕೆ ಹಚ್ಚುವಂತಿಲ್ಲ, ಮುಂದಿನ ತಿಂಗಳು ಇರುತ್ತಾನೋ ಇಲ್ಲವೋ ಎಂದು ತರಬೇತಿಗೂ ಸೇರಿಸಿಕೊಳ್ಳುವುದಿಲ್ಲ. ಬೀಗ ತೆರೆದ ಮೇಲೂ ಅವನಿಗೆ ಮಾಡಲು ಏನೂ ಇರುವುದಿಲ್ಲ. ಹುಣಸೂರಿನ ಆ ಹುಡುಗ ಈಗ ಇರುವುದು ಅಲ್ಲಿಯೇ. ಖರ್ಚಿನ ಲೆಕ್ಕ ಕೇಳುವವರು ಅವನನ್ನು ನಾಲ್ಕು ತಿಂಗಳು ಸುಮ್ಮನೆ ಕೂರಿಸಿದ್ದರ ಲೆಕ್ಕವನ್ನೂ ಕೇಳಬೇಕು.

ಹಾಸನದ ಇನ್ನೊಬ್ಬ ಸದಸ್ಯರು: ಜೀವಾವಧಿ ಎಂದರೆ 14 ವರ್ಷ ತಾನೇ ಮೇಡಂ?

ಮೇಡಂ: ಮೇಲೆ ಉತ್ತರಿಸಿದ್ದೇನೆ, ಓದಿಕೊಳ್ಳಿ.

ಮಂಡ್ಯದ ಸದಸ್ಯರು: ಒಳ್ಳೆಯ ಮನಸ್ಸಿನಿಂದ ಹಾಕಿದ ಔಷಧಕ್ಕೆ ಮೇಡಂ ಅವರಿಗೆ ಇಷ್ಟು ಕೋಪವೇಕೆ? ಇಗೋ, ಇನ್ನೊಂದು ಉಪಕಾರದ ಸಂದೇಶ: ಕೋರ್ಟಿನ ಬಳಿ ಏಜೆಂಟರಿದ್ದಾರೆ, 5,000 ಕೊಟ್ಟರೆ ಪಹಣಿ ಸಮೇತ ಜಾಮೀನುದಾರರನ್ನು ಅವರೇ ತರುತ್ತಾರೆ.

ಮೇಡಂ: ಇದಕ್ಕಂತೂ ನಾನು ಸುಮ್ಮನಿರಲಾರೆ. ಬಾಡಿಗೆ ಜಾಮೀನುದಾರನ ಪಹಣಿ ನಕಲಿ ಎಂದು ಗೊತ್ತಾದ ದಿನ ಜಾಮೀನು ರದ್ದಾಗಿ ಹುಡುಗ ಮತ್ತೆ ಒಳಗೆ ಹೋಗುತ್ತಾನೆ, ಫೋರ್ಜರಿಯ ಹೊಸ ಪ್ರಕರಣವೂ ಬೀಳುತ್ತದೆ. ಯಾರೋ ಕಳುಹಿಸಿದ್ದನ್ನು ಓದದೆ ಇನ್ನೊಬ್ಬರ ಕಷ್ಟದ ಮೇಲೆ ಸುರಿಯುವುದು ಉಪಕಾರವಲ್ಲ. ನಿರ್ವಾಹಕರು ಇದನ್ನು ಅಳಿಸದಿದ್ದರೆ ನಾನು ಇಲ್ಲಿ ಮುಂದುವರಿಯುವುದಿಲ್ಲ.

ನಿರ್ವಾಹಕರು: ಎರಡೂ ಸಂದೇಶಗಳನ್ನು ಅಳಿಸಲಾಗುತ್ತಿದೆ. ಮಂಡ್ಯದವರು ಒಂದು ವಾರ ಓದಬಹುದು, ಬರೆಯುವಂತಿಲ್ಲ.

ಕಲಬುರಗಿಯ ಸದಸ್ಯರು: ನನ್ನ ಪ್ರಶ್ನೆಯನ್ನು ಯಾರೂ ನೋಡಿಲ್ಲ ಅನ್ನಿಸುತ್ತದೆ. ವರ್ಗಾವಣೆಗೆ ಯಾರಿಗೆ ಬರೆಯಬೇಕು?

ಚಿತ್ರದುರ್ಗದ ಸದಸ್ಯರು: ಮೊದಲ ಪ್ರಕರಣದವರನ್ನು ಮೂರರಲ್ಲಿ ಒಂದು ಭಾಗಕ್ಕೆ ಬಿಡುತ್ತಾರಂತೆ, ಹೌದೇ?

ಮೇಡಂ: ಅದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ. ಹಿಂದೆ ಶಿಕ್ಷೆಯಾಗಿರದ ವಿಚಾರಣಾಧೀನರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೆ ಕಳೆದಿದ್ದರೆ ಅನ್ವಯಿಸುತ್ತದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರಿಗೂ ಇಲ್ಲ.

ಹುಣಸೂರಿನ ಸದಸ್ಯೆ: ಮೇಡಂ, ನಿನ್ನೆ ರಾತ್ರಿಯೇ ಫೋನ್ ಮಾಡಿದೆ. ಇಂದು ಅರ್ಜಿಗೆ ಮೊಹರು ಹಾಕಿಸಿಕೊಂಡೆ. ಡಾಕ್ಟರು ನೋಡಿದ್ದಾರೆ, ರಾತ್ರಿ ಅವನ ಜೊತೆ ಇಬ್ಬರು ಹಿರಿಯ ಬಂದಿಗಳನ್ನು ಮಲಗಿಸುತ್ತೇವೆ ಎಂದರು. ಐದು ನಿಮಿಷ ನನ್ನೊಡನೆ ಮಾತನಾಡಿದ. ನೀವು ಹೇಳಿದಂತೆ ಕೇಳಿದೆ, ಹೌದು ಅಂದ. ಪ್ರಾಧಿಕಾರದ ವಕೀಲರು ಸೋಮವಾರ ಅರ್ಜಿ ಹಾಕುತ್ತಾರಂತೆ.

ಮೇಡಂ: ಒಳ್ಳೆಯ ಕೆಲಸ ಮಾಡಿದಿರಿ, ತಂಗಿ. ಅವನು ಹೌದು ಎಂದದ್ದನ್ನು ವೈದ್ಯಾಧಿಕಾರಿಯವರಿಗೆ ಇಂದೇ ಇನ್ನೊಂದು ಅರ್ಜಿಯಲ್ಲಿ ತಿಳಿಸಿ, ಹೇಳಿದ್ದೇನಲ್ಲ ಎಂದು ಬಿಡಬೇಡಿ. ಸೋಮವಾರದ ಅರ್ಜಿಯಲ್ಲಿ ವೈದ್ಯರ ತಪಾಸಣೆಯ ವಿಷಯವೂ ಸೇರುವಂತೆ ವಕೀಲರಿಗೆ ನೆನಪಿಸಿ. ಬಿಡುಗಡೆಯ ದಿನ ಒಳಗೆ ಬರೆದುಕೊಟ್ಟ ಮಾತ್ರೆಗಳ ಚೀಟಿಯನ್ನು ಕೇಳಿ ತೆಗೆದುಕೊಳ್ಳಿ, ಮುಂದಿನ ವಾಯಿದೆಯ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಆ ದಿನ ನೀವೇ ಅವನನ್ನು ಕೋರ್ಟಿಗೆ ಕರೆದುಕೊಂಡು ಹೋಗಿ. ಒಂದು ವಾಯಿದೆ ತಪ್ಪಿದರೂ ವಾರಂಟು ಹೊರಡಬಹುದು.