ಗೇಮಿಂಗ್ ಕ್ಯಾಬಿನೆಟ್ ಕೊಳ್ಳುವ ಮುನ್ನ ಏನೇನು ಅಳೆದು ನೋಡಬೇಕು? ಎಸಿ ಇಲ್ಲದ ಕೋಣೆ, ಕಲಬುರಗಿ ಬೇಸಿಗೆ

ಬಿಸಿಲೂರು ಕೇಳಿದ್ದು:

ಪಿಸಿಯ ಉಳಿದ ಭಾಗಗಳೆಲ್ಲ ತೀರ್ಮಾನವಾಗಿವೆ. ಪ್ರೊಸೆಸರ್ (ಸಿಪಿಯು) ರೈಜನ್ 5 7600, ಅದಕ್ಕೆ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ಕೂಲರ್ (ಎತ್ತರ 155 ಮಿಮೀ), ಬಿ650 ಮೈಕ್ರೋ ಎಟಿಎಕ್ಸ್ ಮದರ್‌ಬೋರ್ಡ್, ಮೂರು ಫ್ಯಾನಿನ ಆರ್‌ಟಿಎಕ್ಸ್ 4070 ಸೂಪರ್ ಗ್ರಾಫಿಕ್ಸ್ ಕಾರ್ಡ್ (ಉದ್ದ 308 ಮಿಮೀ, ಎತ್ತರ 135 ಮಿಮೀ), 750 ವ್ಯಾಟ್ ಪಿಎಸ್‌ಯು (ವಿದ್ಯುತ್ ಪೂರೈಸುವ ಡಬ್ಬಿ). ಕ್ಯಾಬಿನೆಟ್ ಮಾತ್ರ ಬಾಕಿ.

ಮೂರು ಕಣ್ಣಮುಂದಿವೆ. ಒಂದು, ಮುಂಭಾಗ ಪೂರ್ತಿ ಗಾಜು, ನಾಲ್ಕು ಆರ್‌ಜಿಬಿ (ಬಣ್ಣದ ದೀಪದ) ಫ್ಯಾನ್ ಜೊತೆಗೇ ಬರುವ ಅಗ್ಗದ ಮಾಡೆಲ್. ಎರಡು, ಕೋರ್ಸೇರ್ 4000ಡಿ ಏರ್‌ಫ್ಲೋ. ಮೂರು, ಲಿಯಾನ್ ಲಿ ಲ್ಯಾನ್‌ಕೂಲ್ 216. ಏಪ್ರಿಲ್, ಮೇನಲ್ಲಿ ಕೋಣೆಯೊಳಗೇ 38 ಡಿಗ್ರಿ ಇರುತ್ತದೆ, ಎಸಿ ಇಲ್ಲ, ಧೂಳು ಬೇಕಾದಷ್ಟು. ಯೂಟ್ಯೂಬ್ ರಿವ್ಯೂಗಳೆಲ್ಲ 21-22 ಡಿಗ್ರಿ ಕೋಣೆಯಲ್ಲಿ ಮಾಡಿದ್ದು. ನಮ್ಮ ಕಡೆಗೆ ಹೊಂದುವಂತೆ ಇವುಗಳನ್ನು ತೂಗಿ ನೋಡುವುದು ಹೇಗೆ? ಅಂಗಡಿಯಲ್ಲಿ ಕೈಗೆ ಸಿಕ್ಕಾಗ ಏನು ಪರೀಕ್ಷಿಸಬೇಕು?

ಗಾಳಿಕಿಂಡಿ ಉತ್ತರ:

ಮೊದಲು ಶಾಖದ ಲೆಕ್ಕ ಹಾಕಿಬಿಡಿ, ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ. 4070 ಸೂಪರ್ 220 ವ್ಯಾಟ್, 7600 ಪೂರ್ತಿ ಹೊರೆಯಲ್ಲಿ 88 ವ್ಯಾಟ್. ಬೋರ್ಡ್, ರ್ಯಾಮ್, ಎಸ್‌ಎಸ್‌ಡಿ ಸೇರಿಸಿದರೆ ಪೆಟ್ಟಿಗೆಯೊಳಗೆ ಹೆಚ್ಚೆಂದರೆ 330 ವ್ಯಾಟ್ ಶಾಖ. ಪೆಟ್ಟಿಗೆಯ ಗಾಳಿ ಕೋಣೆಗಿಂತ ಎಷ್ಟು ಡಿಗ್ರಿ ಬಿಸಿಯಾಗುತ್ತದೆ ಅನ್ನುವುದಕ್ಕೆ ಸರಳ ಸೂತ್ರ ಇದೆ: ವ್ಯಾಟ್ ಅನ್ನು 1.76ರಿಂದ ಗುಣಿಸಿ, ನಿಜವಾಗಿ ಹರಿಯುವ ಗಾಳಿಯ ಸಿಎಫ್‌ಎಂನಿಂದ (ನಿಮಿಷಕ್ಕೆ ಎಷ್ಟು ಘನ ಅಡಿ ಅನ್ನುವ ಲೆಕ್ಕ) ಭಾಗಿಸಿ. 100 ಸಿಎಫ್‌ಎಂ ಹರಿದರೆ ಏರಿಕೆ ಸುಮಾರು 6 ಡಿಗ್ರಿ. 50 ಹರಿದರೆ 12. ಬರೀ 25 ಹರಿದರೆ 23. ನಿಮ್ಮ 38 ಡಿಗ್ರಿ ಕೋಣೆಗೆ ಇದನ್ನು ಕೂಡಿಸಿ: ಒಂದರಲ್ಲಿ ಕಾರ್ಡ್ ಉಸಿರಾಡುವ ಗಾಳಿ 44 ಡಿಗ್ರಿ, ಇನ್ನೊಂದರಲ್ಲಿ 61. ಎನ್‌ವಿಡಿಯಾ ಕಾರ್ಡ್‌ಗಳು 83 ಡಿಗ್ರಿ ಆಸುಪಾಸಿನಲ್ಲಿ ಕ್ಲಾಕ್ (ಕೆಲಸದ ವೇಗ) ಇಳಿಸಲು ಶುರು ಮಾಡುತ್ತವೆ. 61 ಡಿಗ್ರಿ ಗಾಳಿ ಎಳೆದುಕೊಂಡು 83ರ ಕೆಳಗೆ ನಿಲ್ಲಬೇಕಾದರೆ ಕಾರ್ಡಿನ ಫ್ಯಾನ್ ಕಿವಿಗಡಚಿಕ್ಕುವಂತೆ ತಿರುಗಬೇಕು.

ರಿವ್ಯೂ ನೋಡುವಾಗ ಅಂತಿಮ ತಾಪಮಾನ ಬಿಟ್ಟು, ಕೋಣೆಗಿಂತ ಎಷ್ಟು ಹೆಚ್ಚು ಅನ್ನುವ ವ್ಯತ್ಯಾಸ ಮಾತ್ರ ತೆಗೆದುಕೊಳ್ಳಿ. 22 ಡಿಗ್ರಿ ಕೋಣೆಯಲ್ಲಿ 64 ಬಂದರೆ ವ್ಯತ್ಯಾಸ 42. ಅದೇ ಫ್ಯಾನ್ ವೇಗದಲ್ಲಿ ನಿಮ್ಮಲ್ಲಿ ಅದು 80.

ಈಗ ಮುಂಭಾಗದ ಗಾಜು. ಫ್ಯಾನ್ ಎಷ್ಟಿವೆ ಅನ್ನುವುದಕ್ಕಿಂತ ಗಾಳಿ ಒಳಬರುವ ದಾರಿ ಎಷ್ಟಿದೆ ಅನ್ನುವುದು ಮುಖ್ಯ. ಒಂದು 120 ಮಿಮೀ ಫ್ಯಾನಿನ ರೆಕ್ಕೆಗಳು ಗುಡಿಸುವ ಜಾಗ, ನಡುವಿನ ಹಬ್ ಕಳೆದರೆ, ಸುಮಾರು 93 ಚದರ ಸೆಂಮೀ. ಮೂರಕ್ಕೆ 280. ಗಾಜಿನ ಮಾಡೆಲ್‌ನಲ್ಲಿ ಗಾಳಿ ಬರುವುದು ಗಾಜಿನ ಅಂಚಿನ ಸಂದಿಯಿಂದ. ಅಂಗಡಿಗೆ ಸ್ಕೇಲ್ ಒಯ್ದು ಆ ಸಂದಿ ಅಳೆಯಿರಿ. ಎತ್ತರ 38 ಸೆಂಮೀ, ಅಗಲ 1 ಸೆಂಮೀ, ಎರಡೂ ಬದಿ ಸೇರಿ 76 ಚದರ ಸೆಂಮೀ ಆಯಿತು. ಮೂರು ಫ್ಯಾನ್‌ಗೆ ಬೇಕಾದ್ದರ ಕಾಲುಭಾಗ ಮಾತ್ರ, ಅದೂ ಗಾಳಿ ಅಲ್ಲಿ ಲಂಬವಾಗಿ ತಿರುಗಿ ಒಳಹೋಗಬೇಕು. ಫ್ಯಾನ್ ಡಬ್ಬಿಯ ಮೇಲೆ ಬರೆದಿರುವ ಸಿಎಫ್‌ಎಂ ಎದುರಿಗೆ ಏನೂ ಅಡ್ಡವಿಲ್ಲದಾಗಿನದು. ಇಂಥ ಸಂದಿಯ ಹಿಂದೆ ಅದರ ಅರ್ಧವೂ ಸಿಗದೆ ಹೋಗಬಹುದು.

ಇದಕ್ಕೆ ಒಳ್ಳೆಯ ಉದಾಹರಣೆ ಎನ್‌ಝಡ್‌ಎಕ್ಸ್‌ಟಿ ಕಂಪನಿಯ ಎಚ್510 ಕ್ಯಾಬಿನೆಟ್. 2019ರಲ್ಲಿ ಬಂದಾಗ ಮುಂಭಾಗ ಪೂರ್ತಿ ಮುಚ್ಚಿದ ಉಕ್ಕಿನ ತಗಡು. ಜೊತೆಗೆ ಬಂದ ಎರಡು ಫ್ಯಾನ್‌ಗಳೂ ಹಿಂದೆ ಮತ್ತು ಮೇಲೆ, ಎರಡೂ ಹೊರಗೆಳೆಯುವಂಥವು. ನೋಡಲು ಅಚ್ಚುಕಟ್ಟು, ಆದರೆ ಬಿಸಿ. 2021ರಲ್ಲಿ ಅದೇ ಕಂಪನಿ ಮುಂಭಾಗಕ್ಕೆ ರಂಧ್ರಗಳ ತಗಡು ಹಾಕಿ ಎಚ್510 ಫ್ಲೋ ಬಿಡುಗಡೆ ಮಾಡಿತು. ಇಷ್ಟು ಸಾಕು, ಗಾಜಿನ ಮಾಡೆಲ್ ಪಟ್ಟಿಯಿಂದ ತೆಗೆಯಿರಿ.

ಮಿಮೀಲೆಕ್ಕ ಉತ್ತರ:

ಗಾಳಿಯ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಅಳತೆ ಮಾತ್ರ ಹೇಳುತ್ತೇನೆ, ಏಕೆಂದರೆ ತಂದಮೇಲೆ ಕೂರದಿದ್ದರೆ ಗಾಳಿ ಕಟ್ಟಿಕೊಂಡು ಏನು ಮಾಡುವುದು.

4000ಡಿ: ಕಾರ್ಡ್‌ಗೆ 360 ಮಿಮೀ, ಕೂಲರ್‌ಗೆ 170. ಲ್ಯಾನ್‌ಕೂಲ್ 216: ಕಾರ್ಡ್‌ಗೆ 392, ಕೂಲರ್‌ಗೆ 180. ನಿಮ್ಮ 308 ಮತ್ತು 155 ಎರಡರಲ್ಲೂ ಸರಾಗ. ಮುಂದೆ ಎಂದಾದರೂ ಲಿಕ್ವಿಡ್ ಕೂಲರ್ ಮುಂಭಾಗಕ್ಕೆ ಹಾಕುವ ಯೋಚನೆ ಇದ್ದರೆ ರೇಡಿಯೇಟರ್ 27, ಫ್ಯಾನ್ 25, ಒಟ್ಟು 52 ಮಿಮೀ ಕಳೆಯಿರಿ. 360ರಲ್ಲಿ ಉಳಿಯುವುದು 308, ಅಂದರೆ ನಿಮ್ಮ ಕಾರ್ಡಿಗೆ ಕೂದಲೆಳೆಯಷ್ಟೂ ಜಾಗ ಬಾಕಿ ಇಲ್ಲ. ತಯಾರಕರು ಕೊಡುವ ಸಂಖ್ಯೆ ಮುಂದಿನ ಫ್ಯಾನ್ ಸೇರಿಸಿಯೋ ಬಿಟ್ಟೋ ಅನ್ನುವುದನ್ನೂ ಸೂಚನಾ ಪುಸ್ತಕದಲ್ಲಿ ನೋಡಿಕೊಳ್ಳಿ. ಕೆಲವರು ಫ್ಯಾನ್ ಇಲ್ಲದ ಅಳತೆ ಹಾಕಿರುತ್ತಾರೆ.

ಹೆಚ್ಚಿನವರು ಮರೆಯುವುದು ಕಾರ್ಡಿನ ಎತ್ತರ. 16 ಪಿನ್ ಪವರ್ ಕನೆಕ್ಟರ್ ಇರುವ ಕಾರ್ಡ್ ಆದರೆ, ಕನೆಕ್ಟರ್‌ನಿಂದ ಹೊರಟ ಕೇಬಲ್ 35 ಮಿಮೀ ತನಕ ನೇರವಾಗಿ ಬಂದು ಆಮೇಲೆ ಬಾಗಬೇಕು. 135 ಕೂಡಿಸು 35, ಅಂದರೆ 170. ಕೂಲರ್‌ಗೆ ಕೊಟ್ಟ ಅಳತೆ ಸಿಪಿಯು ಮೇಲ್ಮೈಯಿಂದ ಗಾಜಿನ ತನಕ. ಬೋರ್ಡಿನಿಂದ ಲೆಕ್ಕ ಹಾಕಿದರೆ ಇನ್ನೊಂದು 7-8 ಮಿಮೀ ಸಿಗುತ್ತದೆ. 4000ಡಿಯಲ್ಲಿ ಹೀಗೆ ಸುಮಾರು 178, ಸಾಕಾಗುತ್ತದೆ ಆದರೆ ಬಿಗಿ. 160 ಮಿಮೀ ಕೂಲರ್ ಮಿತಿಯ ಅಗ್ಗದ ಕ್ಯಾಬಿನೆಟ್‌ನಲ್ಲಿ ಗಾಜು ಹಾಕುವಾಗ ಅದೇ ಕೇಬಲನ್ನು ಒತ್ತಿ ಬಾಗಿಸುತ್ತದೆ. ಪ್ಲಗ್ ಓರೆಯಾಗಿ ಪಿನ್‌ಗಳ ಸಂಪರ್ಕ ಸಡಿಲವಾದರೆ ಅಲ್ಲೇ ಬಿಸಿಯಾಗಿ ಪ್ಲಾಸ್ಟಿಕ್ ಕರಗುವ ಅಪಾಯ. ಪ್ಲಗ್ ಪೂರ್ತಿ ಒಳಹೋಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಬರೀ ಕಣ್ಣಿಗೆ ಗೊತ್ತಾಗುವುದಿಲ್ಲ.

ಮೈಕ್ರೋ ಎಟಿಎಕ್ಸ್ ಬೋರ್ಡ್ 244 ಮಿಮೀ ಉದ್ದ, ಎಟಿಎಕ್ಸ್ 305. ಮೇಲಿನ ಎರಡು ಸಾಲು ಸ್ಟ್ಯಾಂಡ್‌ಆಫ್ (ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಲೋಹದ ಗುಬುಟು) ಎರಡಕ್ಕೂ ಒಂದೇ, ಕೆಳಸಾಲು ಬೇರೆ. ಕ್ಯಾಬಿನೆಟ್ ಎಟಿಎಕ್ಸ್‌ಗೆ ಸಿದ್ಧವಾಗಿ ಬಂದಿರುತ್ತದೆ, ನಿಮ್ಮ ಬೋರ್ಡಿನ ಕೆಳಸಾಲಿನ ಸ್ಟ್ಯಾಂಡ್‌ಆಫ್ ನೀವೇ ಸರಿಯಾದ ಜಾಗಕ್ಕೆ ತಿರುಗಿಸಿ ಕೂರಿಸಬೇಕು. ಬೋರ್ಡಿನ ರಂಧ್ರವಿಲ್ಲದ ಜಾಗದಲ್ಲಿ ಒಂದು ಉಳಿದುಬಿಟ್ಟರೆ ಹಿಂಬದಿಯ ಬೆಸುಗೆಗೆ ತಾಗಿ ಶಾರ್ಟ್ ಆಗಬಹುದು, ಪಿಸಿ ಆನ್ ಆಗದೆಯೂ ಇರಬಹುದು.

ಮುಂದಿನ ಟೈಪ್-ಸಿ ಪೋರ್ಟ್ ಎರಡರಲ್ಲೂ ಇದೆ. ಅದಕ್ಕೆ ಬೋರ್ಡಿನಲ್ಲಿ 20 ಪಿನ್ನಿನ ಟೈಪ್-ಇ ಹೆಡರ್ (ಕೇಬಲ್ ಸಿಕ್ಕಿಸುವ ಪಿನ್‌ಗಳ ಜಾಗ) ಇರಬೇಕು. ಇಲ್ಲದಿದ್ದರೆ ಆ ಪೋರ್ಟ್ ಬರೀ ಅಲಂಕಾರ.

ತಿರುಪುಳಿ ಉತ್ತರ:

ಅಂಗಡಿಯಲ್ಲಿ ಕೈಯಿಂದ ನೋಡುವ ಕೆಲಸಗಳನ್ನು ನಾನು ಹೇಳುತ್ತೇನೆ. ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋದರೂ ಸರಿ, ನಿಮ್ಮೂರಿನ ಅಂಗಡಿಯಾದರೂ ಸರಿ, ಪ್ರದರ್ಶನಕ್ಕೆ ಇಟ್ಟದ್ದನ್ನು ಬಿಚ್ಚಿ ತೋರಿಸಲು ಕೇಳಿ.

ಎರಡೂ ಬದಿಯ ಮುಚ್ಚಳ ತೆಗೆದು, ಬರೀ ಚೌಕಟ್ಟನ್ನು ಕರ್ಣದ ಎರಡು ಮೂಲೆ ಹಿಡಿದು ಮೆಲ್ಲಗೆ ತಿರುಚಿ. 0.5 ಮಿಮೀ ತಗಡಿನದು ಕಣ್ಣಿಗೆ ಕಾಣುವಷ್ಟು ವಾಲುತ್ತದೆ. ಹಾಗೆ ವಾಲುವ ಚೌಕಟ್ಟಿನಲ್ಲಿ ಹಿಂಬದಿಯ ಸ್ಲಾಟ್‌ಗಳು ಬೋರ್ಡಿಗೆ ನೇರ ಬರುವುದಿಲ್ಲ. ಕಾರ್ಡಿನ ಬ್ರ್ಯಾಕೆಟ್ ತಿರುಪು ಬಿಗಿಮಾಡಿದಾಗ ಕಾರ್ಡ್ ಸ್ಲಾಟ್‌ನಿಂದ ಒಂದು ಅಂಚು ಎದ್ದು ನಿಲ್ಲುತ್ತದೆ. ಹಿಂದಿನ ಸ್ಲಾಟ್ ಪಟ್ಟಿಗಳು ತಿರುಪಿನವೇ ಅಥವಾ ಮುರಿದು ತೆಗೆಯುವವೇ ನೋಡಿ. ಮುರಿಯುವಂಥದ್ದು ಒಂದೇ ಸಲಕ್ಕೆ, ಆಮೇಲೆ ಆ ಕಿಂಡಿಯಿಂದ ಧೂಳಿಗೆ ಶಾಶ್ವತ ದಾರಿ.

ಜೊತೆಗೆ ಬರುವ ಫ್ಯಾನ್‌ಗಳ ವೈರಿನ ತುದಿ ನೋಡದೆ ಹಣ ಕೊಡಬೇಡಿ. 4 ಪಿನ್ ಪಿಡಬ್ಲ್ಯುಎಂ (ಬೋರ್ಡೇ ವೇಗ ಹೆಚ್ಚು ಕಡಿಮೆ ಮಾಡುವ ಬಗೆ) ಉತ್ತಮ. 3 ಪಿನ್ ಪರವಾಗಿಲ್ಲ, ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ) ಡಿಸಿ ಮೋಡ್‌ಗೆ ಹಾಕಿದರೆ ವೇಗ ಹಿಡಿತಕ್ಕೆ ಬರುತ್ತದೆ. ದೊಡ್ಡ ಬಿಳಿ ಮೋಲೆಕ್ಸ್ ಪ್ಲಗ್ ಮಾತ್ರ ಇದ್ದರೆ ಅದು ಸದಾ 12 ವೋಲ್ಟ್, ಅಂದರೆ ಸದಾ ಪೂರ್ತಿ ವೇಗ, ರಾತ್ರಿ ಬ್ರೌಸರ್ ತೆರೆದಾಗಲೂ ಅದೇ ಸದ್ದು. ಎಲ್ಲಕ್ಕಿಂತ ಕೆಟ್ಟದ್ದು ಕಂಪನಿಯದೇ 6 ಪಿನ್ ತುದಿ ಮತ್ತು ಅದರದ್ದೇ ಹಬ್ (ಫ್ಯಾನ್ ವೈರ್‌ಗಳನ್ನೆಲ್ಲ ಸಿಕ್ಕಿಸುವ ಚಿಕ್ಕ ಡಬ್ಬಿ). ಹಬ್ ಸತ್ತರೆ ನಾಲ್ಕೂ ಫ್ಯಾನ್ ನಿಂತವು, ಬೋರ್ಡಿಗೆ ನೇರ ಸಿಕ್ಕಿಸಲೂ ಆಗದು. ನಾಲ್ಕು ಆರ್‌ಜಿಬಿ ಫ್ಯಾನ್ ಉಚಿತ ಅನ್ನುವ ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಇದು ಮಾಮೂಲು.

ದೀಪದ ವೈರ್ ಬೇರೆ ಇದ್ದರೆ ಇನ್ನೊಂದು ಎಚ್ಚರ: ಎಆರ್‌ಜಿಬಿ 3 ಪಿನ್, 5 ವೋಲ್ಟ್. ಹಳೆಯ ಆರ್‌ಜಿಬಿ 4 ಪಿನ್, 12 ವೋಲ್ಟ್. 5 ವೋಲ್ಟಿನದನ್ನು ಒತ್ತಾಯದಿಂದ 12ಕ್ಕೆ ಸಿಕ್ಕಿಸಿದರೆ ದೀಪಗಳು ಆ ಕ್ಷಣವೇ ಸುಡುತ್ತವೆ.

ಗಾಜನ್ನು ತೆಗೆದು ಇಡುವಾಗ ಟೈಲ್ಸ್ ಮೇಲೆ ಮೂಲೆ ಊರಬೇಡಿ. ಟೆಂಪರ್ಡ್ ಗಾಜಿನ ಮೈ ಗಟ್ಟಿ, ಅಂಚು ದುರ್ಬಲ. ಸೆರಾಮಿಕ್‌ಗೆ ಮೂಲೆ ತಾಗಿದರೆ ಪೂರ್ತಿ ಗಾಜು ಪುಡಿಪುಡಿ. ಕೆಳಗೆ ದಪ್ಪ ಬಟ್ಟೆ ಹಾಸಿ.

ಬಿಸಿಲೂರು:

ಎಲ್ಲರಿಗೂ ಧನ್ಯವಾದ. ಗಾಜಿನದ್ದು ಬಿಟ್ಟೆ. 4000ಡಿಗೆ ಎರಡೇ ಫ್ಯಾನ್ ಬರುತ್ತವಲ್ಲ, ಇನ್ನೆಷ್ಟು ಸೇರಿಸಬೇಕು, ಎಲ್ಲಿ? ಮೇಲ್ಭಾಗಕ್ಕೂ ಎರಡು ಹಾಕಿ ಬಿಸಿ ಗಾಳಿ ಹೊರಗೆಳೆದರೆ ಒಳ್ಳೆಯದಲ್ಲವೇ? ಕಾರ್ಡನ್ನು ರೈಸರ್ ಕೇಬಲ್ (ಬೋರ್ಡಿನಿಂದ ದೂರ ಜೋಡಿಸುವ ಕೇಬಲ್) ಹಾಕಿ ಗಾಜಿನ ಕಡೆಗೆ ಲಂಬವಾಗಿ ನಿಲ್ಲಿಸುವ ಆಸೆಯೂ ಇದೆ.

ಗಾಳಿಕಿಂಡಿ:

4000ಡಿಯಲ್ಲಿ ಒಂದು ಮುಂದೆ, ಒಂದು ಹಿಂದೆ ಇರುತ್ತದೆ. ಇನ್ನೆರಡನ್ನು ಮುಂದೆಯೇ ಹಾಕಿ. ಆರ್ಕ್ಟಿಕ್ ಪಿ12 ಥರದ್ದು ಸಾಕು, 1800 ಆರ್‌ಪಿಎಂ, 56 ಸಿಎಫ್‌ಎಂ, 2.2 ಮಿಮೀ ಒತ್ತಡ (ಅಡ್ಡಿಯ ಮೂಲಕ ಗಾಳಿ ತಳ್ಳುವ ಬಲ, ನೀರಿನ ಮಿಮೀ ಲೆಕ್ಕದಲ್ಲಿ). ಮೆಶ್ (ಜಾಲರಿ) ಮತ್ತು ಫಿಲ್ಟರ್ ಹಿಂದೆ ಕೂರುವ ಫ್ಯಾನ್‌ಗೆ ಆ ಒತ್ತಡದ ಸಂಖ್ಯೆಯೇ ಮುಖ್ಯ. ಮೂರು ಒಳಗೆ, ಒಂದು ಹೊರಗೆ ಇದ್ದರೆ ಒಳಗಿನ ಒತ್ತಡ ತುಸು ಹೆಚ್ಚಿರುತ್ತದೆ, ಆಗ ಗಾಳಿ ಫಿಲ್ಟರ್ ಇರುವ ಕಡೆಯಿಂದ ಮಾತ್ರ ಒಳಬರುತ್ತದೆ. ಮೇಲೆ ಎರಡು ಹೊರಗೆಳೆಯುವ ಫ್ಯಾನ್ ಹಾಕಿದರೆ ಈ ಲೆಕ್ಕ ತಲೆಕೆಳಗಾಗಿ ಪ್ರತಿ ಸಂದಿಯಿಂದಲೂ ಧೂಳು ಎಳೆಯುತ್ತದೆ. ಅದರಲ್ಲೂ ಮೇಲೆ ಮುಂದಿನ ಜಾಗದ ಫ್ಯಾನ್, ಮುಂಭಾಗದಿಂದ ಈಗಷ್ಟೇ ಬಂದ ತಣ್ಣನೆಯ ಗಾಳಿಯನ್ನು ಕೂಲರ್ ಮುಟ್ಟುವ ಮೊದಲೇ ಹೊರಗೆ ಚೆಲ್ಲುತ್ತದೆ. ಹಾಕಲೇಬೇಕೆಂದರೆ ಮೇಲೆ ಹಿಂದಿನ ಜಾಗಕ್ಕೆ ಒಂದೇ ಒಂದು.

ಬೋರ್ಡಿನ ಫ್ಯಾನ್ ಹೆಡರ್ ಸಾಮಾನ್ಯವಾಗಿ 1 ಆಂಪಿಯರ್ ತನಕ ಕೊಡುತ್ತದೆ. ಫ್ಯಾನಿನ ಲೇಬಲ್ ಮೇಲಿನ ಆಂಪಿಯರ್ ಕೂಡಿಸಿ ನೋಡಿ ಒಂದೇ ಹೆಡರ್‌ಗೆ ಸ್ಪ್ಲಿಟರ್ ಹಾಕಿ.

ಲಂಬವಾಗಿ ನಿಲ್ಲಿಸುವುದು ನಿಮ್ಮ ಹವೆಗೆ ಬೇಡ. ಕಾರ್ಡಿನ ಫ್ಯಾನ್‌ಗಳಿಗೂ ಗಾಜಿಗೂ ನಡುವೆ ಬೆರಳು ತೂರುವಷ್ಟು ಜಾಗ ಉಳಿದರೆ ಮುಂದಿನ ಮೂರು ಫ್ಯಾನಿನ ಶ್ರಮವೆಲ್ಲ ವ್ಯರ್ಥ. ಜೊತೆಗೆ ಅಗ್ಗದ ರೈಸರ್ ಕೇಬಲ್‌ಗಳು ಪಿಸಿಐಇ (ಕಾರ್ಡ್ ಮತ್ತು ಬೋರ್ಡ್ ನಡುವಿನ ಸಂಪರ್ಕ) 3.0ರವು. 4.0 ಕಾರ್ಡ್ ಹಾಕಿದಾಗ ಬಯೋಸ್‌ನಲ್ಲಿ ಜೆನ್ 3 ಅಂತ ಕೈಯಾರೆ ಬದಲಿಸದಿದ್ದರೆ ಪರದೆ ಕಪ್ಪಗೇ ಇರಬಹುದು. ರೈಸರ್ ಸಣ್ಣ ವಿಷಯ ಅಲ್ಲ: ಎನ್‌ಝಡ್‌ಎಕ್ಸ್‌ಟಿಯ ಎಚ್1 ಕ್ಯಾಬಿನೆಟನ್ನು 2021ರಲ್ಲಿ ಅಮೆರಿಕದಲ್ಲಿ ಹಿಂದಕ್ಕೆ ಕರೆಸಿಕೊಂಡದ್ದು ರೈಸರ್ ಬೋರ್ಡನ್ನು ಚೌಕಟ್ಟಿಗೆ ಬಿಗಿಯುವ ಎರಡು ಲೋಹದ ತಿರುಪುಗಳಿಂದ ಶಾರ್ಟ್ ಆಗಿ ಬೆಂಕಿ ಹತ್ತುವ ಅಪಾಯವಿದ್ದ ಕಾರಣಕ್ಕೆ.

ಕಟ್ಟಿದ ಮೇಲೆ ಈ ಪರೀಕ್ಷೆ ಮಾಡಿ. ಎಲ್ಲ ಕೇಸ್ ಫ್ಯಾನ್‌ಗಳನ್ನೂ ಒಂದೇ ವೇಗಕ್ಕೆ, ಉದಾಹರಣೆಗೆ 1000 ಆರ್‌ಪಿಎಂಗೆ ನಿಲ್ಲಿಸಿ. ಕಾರ್ಡಿನ ಫ್ಯಾನ್ ಕೂಡ 60 ಶೇಕಡಕ್ಕೆ ನಿಲ್ಲಿಸಿ, ಇಲ್ಲದಿದ್ದರೆ ಅದು ತಾನೇ ವೇಗ ಏರಿಸಿ ವ್ಯತ್ಯಾಸ ಮುಚ್ಚಿಹಾಕುತ್ತದೆ. ಭಾರವಾದ ಗೇಮ್ ಅರ್ಧ ಗಂಟೆ ಓಡಿಸಿ, ಎಚ್‌ಡಬ್ಲ್ಯುಇನ್ಫೋದಲ್ಲಿ (ತಾಪಮಾನ ತೋರಿಸುವ ತಂತ್ರಾಂಶ) ಕೊನೆಯ ಐದು ನಿಮಿಷದ ಸರಾಸರಿ ಬರೆದುಕೊಳ್ಳಿ, ಕೋಣೆಯ ತಾಪಮಾನವನ್ನೂ. ಆಮೇಲೆ ಮುಂಭಾಗದ ಪ್ಯಾನೆಲ್ ತೆಗೆದು ಮತ್ತೆ ಅಷ್ಟೇ ಹೊತ್ತು ಓಡಿಸಿ. ವ್ಯತ್ಯಾಸ 2-3 ಡಿಗ್ರಿಯೊಳಗಿದ್ದರೆ ಪ್ಯಾನೆಲ್ ಚೆನ್ನಾಗಿದೆ. 5 ದಾಟಿದರೆ ಅದು ಉಸಿರುಗಟ್ಟಿಸುತ್ತಿದೆ. ಮುಂದಿನದು ತೆಗೆದರೂ ಇಳಿಯದೆ, ಬದಿಯ ಗಾಜು ತೆಗೆದಾಗ ಮಾತ್ರ ಇಳಿದರೆ ಗಾಳಿ ಬರುತ್ತಿದೆ ಆದರೆ ಕಾರ್ಡಿನ ಹತ್ತಿರ ಹೋಗುತ್ತಿಲ್ಲ. ಆಗ ಮುಂದಿನ ಫ್ಯಾನ್‌ಗಳನ್ನು ಒಂದು ಹಂತ ಕೆಳಕ್ಕಿಳಿಸಿ ನೋಡಿ. ಊದುಬತ್ತಿ ಹಚ್ಚಿ, ಹೊರಗಿನಿಂದ, ಹಿಂಬದಿಯ ಸಂದಿಗಳ ಹತ್ತಿರ ಹಿಡಿಯಿರಿ. ಹೊಗೆ ಒಳಗೆ ಎಳೆದುಕೊಂಡರೆ ಒತ್ತಡ ಕಡಿಮೆ ಇದೆ ಎಂದರ್ಥ. ಬೂದಿ ಒಳಗೆ ಬೀಳದಂತೆ ನೋಡಿಕೊಳ್ಳಿ.

ಮೇ ತಿಂಗಳಿಗೆ ಕಾರ್ಡಿನ ಪವರ್ ಲಿಮಿಟ್ 85 ಶೇಕಡಕ್ಕೆ ಇಳಿಸಿಬಿಡಿ. 33 ವ್ಯಾಟ್ ಶಾಖ ಕಡಿಮೆ, ಎಫ್‌ಪಿಎಸ್ (ಗೇಮ್ ಸೆಕೆಂಡಿಗೆ ತೋರಿಸುವ ಚಿತ್ರಗಳ ಸಂಖ್ಯೆ) ಇಳಿಯುವುದು ಅಲ್ಪ.

ಮೆಶ್‌ಮನೆ ಉತ್ತರ:

ಬಜೆಟ್ ಹಿಗ್ಗುವುದಾದರೆ ಲ್ಯಾನ್‌ಕೂಲ್ 216 ಪರವಾಗಿಯೂ ಒಂದು ಮಾತು. ಮುಂದೆ ಎರಡು 160 ಮಿಮೀ, ಹಿಂದೆ ಒಂದು 140 ಜೊತೆಗೇ ಬರುತ್ತವೆ. ಬೇರೆ ಫ್ಯಾನ್ ಕೊಳ್ಳುವ ಖರ್ಚಿಲ್ಲ. 4000ಡಿಯ ಬೆಲೆಗೆ ಎರಡು ಫ್ಯಾನಿನ ಬೆಲೆ ಕೂಡಿಸಿ ಆಮೇಲೆ ಹೋಲಿಸಿ, ಅಂತರ ಅಷ್ಟೇನೂ ಉಳಿಯುವುದಿಲ್ಲ. ಆದರೆ 160 ಮಿಮೀ ಫ್ಯಾನ್ ಬಿಡಿಯಾಗಿ ಸಿಗುವುದು ಅಪರೂಪ. ವಾರಂಟಿ ಮುಗಿದ ಮೇಲೆ ಒಂದು ಕೆಟ್ಟರೆ ಅಲ್ಲಿಗೆ 120 ಅಥವಾ 140ರ ಮೂರು ಫ್ಯಾನ್ ಹಾಕಬೇಕಾಗುತ್ತದೆ. ಅದಕ್ಕೆ ಬೇಕಾದ ರಂಧ್ರಗಳು ಅದರಲ್ಲೇ ಇವೆ.

ಧೂಳಿನ ವಿಷಯದಲ್ಲಿ ಯಾವುದೇ ಕೊಂಡರೂ ಫಿಲ್ಟರ್ ತೆಗೆಯುವುದು ಎಷ್ಟು ಸುಲಭ ಅನ್ನುವುದನ್ನೇ ಮೊದಲು ನೋಡಿ. ಪಿಎಸ್‌ಯು ಫಿಲ್ಟರ್ ಹಿಂದಿನಿಂದ ಮಾತ್ರ ಎಳೆಯುವಂಥದ್ದಾದರೆ, ಗೋಡೆಗೆ ತಾಗಿಸಿಟ್ಟ ಪಿಸಿಯಲ್ಲಿ ಅದನ್ನು ವರ್ಷವಾದರೂ ಯಾರೂ ತೆಗೆಯುವುದಿಲ್ಲ. ಕೆಳಗಿನ ಕಾಲುಗಳ ಎತ್ತರ 20 ಮಿಮೀಗಿಂತ ಕಡಿಮೆ ಇರಬಾರದು. ನೈಲಾನ್ ಫಿಲ್ಟರನ್ನು ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ತೆಗೆದು, ಧೂಳು ಕೂತ ಬದಿಯ ಹಿಂಭಾಗದಿಂದ ನಲ್ಲಿ ನೀರು ಬಿಡಿ. ಮುಂಭಾಗದಿಂದ ಬಿಟ್ಟರೆ ಧೂಳು ಬಲೆಯ ಕಣ್ಣಿಗೇ ಒತ್ತಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಹಾಕಿ. ಒಳಗೆ ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.